ಮುರಿಯದ ಪಿನ್ನು

ನಾಗರಾಜಪ್ಪನವರ ಶೇಂಗಾ ಸುಲಿಯುವ ಮಿಷನ್ನಿನಲ್ಲಿ ಕಿರುಬೆರಳು ಗಾತ್ರದ ಒಂದು ಪಿನ್ನಿತ್ತು. ಹಲ್ಲಿನ ದೊಡ್ಡ ಚಕ್ರವನ್ನು ಅಚ್ಚಿಗೆ ಹಿಡಿದಿಡುವುದು ಅದರ ಕೆಲಸ. ಅದು ಹಿಡಿದಿಟ್ಟದ್ದಕ್ಕಿಂತ ಮುರಿದದ್ದೇ ಹೆಚ್ಚು. ಪಿನ್ನು ಟಿಣ್ ಎಂದು ಮುರಿದರೆ ಮಿಷನ್ನು ನಿಲ್ಲುತ್ತಿತ್ತು. ಮಿಷನ್ನು ನಿಂತರೆ ನಾಗರಾಜಪ್ಪನವರು ಊಟ ಬಿಡುತ್ತಿದ್ದರು. ಯಜಮಾನರು ಉಣ್ಣದೆ ಮನೆಯಲ್ಲಿ ಬೇರೆ ಯಾರೂ ಉಣ್ಣುವ ಹಾಗಿರಲಿಲ್ಲ. ಹೀಗೆ ಒಂದು ಕಬ್ಬಿಣದ ತುಂಡು ಜಗಳೂರಿನ ಒಂದು ಅನುಕೂಲಸ್ಥ ಕುಟುಂಬವನ್ನು ಶೇಂಗಾ ಸುಗ್ಗಿಯ ಕಾಲದಲ್ಲೇ ಉಪವಾಸ ಕೆಡವುತ್ತಿತ್ತು.

ಈ ಸಂಗತಿ ಮುರುಗೇಶಪ್ಪನಿಗೆ ಗೊತ್ತಾದದ್ದು ನಾಗರಾಜಪ್ಪನವರ ಮಗಳು ಶಾಂತಾದೇವಿಯಿಂದ. ಮುರುಗೇಶಪ್ಪ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಕೆಲಸ ಸಿಗದೆ, ಜಗಳೂರಿನ ತನ್ನ ಮನೆಯ ಹಿತ್ತಿಲಲ್ಲೇ ಪಂಪು, ಗಿರಣಿ ರಿಪೇರಿ ಮಾಡಿಕೊಂಡಿದ್ದವನು. ಒಂದು ದಿನ ಪಿನ್ನು ಹಾಕಲು ಹೋಗಿದ್ದಾಗ ಅವಳು ಕುಡಿಯಲು ನೀರು ತಂದುಕೊಟ್ಟು, "ಮುರೀದಿರೋ ಪಿನ್ನು ಮಾಡಾಕೆ ಬರಲ್ವೇನ್ರೀ? ನಮ್ಮಪ್ಪ ಸಿಟ್ಟಿಗೆ ಉಣ್ಣಲ್ಲ, ನಾವು ಹೆದರಿಕೇಗೆ ಉಣ್ಣಲ್ಲ" ಎಂದಿದ್ದಳು. ಅವಳು ಹೇಳಿದ ರೀತಿಗೆ ಅವನಿಗೆ ನಗು ಬಂತು, ಅವಳಿಗೂ ಬಂತು. ಅಂದಿನಿಂದ ಅವನ ತಲೆಯಲ್ಲಿ ಇದ್ದದ್ದು ಎರಡೇ, ಪಿನ್ನು ಮತ್ತು ಶಾಂತಾದೇವಿ.

ತಾಯಿ ಶಿವಗಂಗಮ್ಮ ಮಗನ ಮನಸ್ಸು ತಿಳಿದು ನಾಗರಾಜಪ್ಪನವರ ಕಿವಿಗೆ ಮಾತು ಮುಟ್ಟಿಸಿದರು. ಅವರು ಯೋಚಿಸಿ, "ಹುಡುಗ ಮಿಷನ್ ಓದಿದೋನು ಅಂತೀರಿ. ಮುರೀದಿರೋ ಒಂದು ಪಿನ್ನು ಮಾಡಿ ತೋರಿಸ್ಲಿ. ಹುಡುಗಿ ಕೊಡ್ತೀನಿ" ಎಂದರು. ಎಪ್ಪತ್ತೊಂಬತ್ತನೇ ಇಸವಿಯ ಕಾರ್ತಿಕದ ಒಂದು ಸೋಮವಾರ ಗೊತ್ತಾಯಿತು. ಬೆಳಿಗ್ಗೆ ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡುವುದು, ಸಂಜೆ ಪಿನ್ನು ಪರೀಕ್ಷೆ, ಅದು ಗೆದ್ದರೆ ರಾತ್ರಿ ಹೆಣ್ಣಿನ ಮನೆಯಲ್ಲಿ ಹೋಳಿಗೆ ಊಟ.

ಮುರುಗೇಶಪ್ಪ ಸುಮ್ಮನೆ ಒಪ್ಪಿಕೊಂಡವನಲ್ಲ. ಮೆತ್ತನೆ ಕಬ್ಬಿಣದಲ್ಲಿ ಪಿನ್ನು ಮಾಡಿ ನೋಡಿದ್ದ. ಅದು ಸವೆದು ಸಡಿಲವಾಗಿ ಕೊನೆಗೆ ತುಂಡಾಯಿತು. ಹಳೆಯ ಅರದ ಉಕ್ಕಿನಲ್ಲಿ ಮಾಡಿ ನೋಡಿದ್ದ. ಅದು ಸವೆಯಲಿಲ್ಲ, ಸೀಮೆಸುಣ್ಣದ ಹಾಗೆ ಪಟಕ್ಕನೆ ಹೋಯಿತು. ಗಟ್ಟಿಯಾದದ್ದು ಬಾಗುವುದಿಲ್ಲ, ಬಾಗುವಂಥದ್ದು ಗಟ್ಟಿಯಿರುವುದಿಲ್ಲ. ಎರಡೂ ಒಂದರಲ್ಲೇ ಇರುವುದು ಹೇಗೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ.

ಉತ್ತರ ಹೊಳೆದದ್ದು ಬಟ್ಟೆ ಒಣಗಿಸುವ ಬಿದಿರಿನ ಗಳವನ್ನು ಸೀಳುವಾಗ. "ನೋಡವ್ವ ಇದನ್ನ" ಎಂದು ತಾಯಿಯ ಮುಂದೆ ಸೀಳು ಹಿಡಿದ. "ಹೊರಗೆ ಕಲ್ಲಿನಂಗೈತೆ. ಒಳಕ್ಕೆ ಹೋದಂಗೆಲ್ಲ ಒಂದೊಂದು ಎಳೆ ಮೆತ್ತಗಾಗ್ತಾ ಹೋಗೈತೆ. ಇಲ್ಲಿಗೆ ಗಟ್ಟಿ ಮುಗೀತು, ಇಲ್ಲಿಂದ ಮೆತ್ತಗೆ ಸುರು ಅಂತ ಗೆರೆನೇ ಇಲ್ಲ. ಗೆರೆ ಇದ್ದಿದ್ರೆ ಸಿಪ್ಪೆ ಎದ್ದಂಗೆ ಎದ್ದೋಗದು. ಕಬ್ಬಿಣನೂ ಹಿಂಗೇ ಮಾಡ್ಬೇಕು."

"ಮಾಡಪ್ಪ. ಮೊದ್ಲು ಆ ಗಳ ತುಂಡು ಮಾಡಿದ್ದಕ್ಕೆ ಬೇರೆ ಗಳ ತಂದುಕೊಡು" ಎಂದರು ಶಿವಗಂಗಮ್ಮ.

ದಾರಿ ಅವನು ಓದುವಾಗಲೇ ಕಲಿತದ್ದು. ಮೆತ್ತನೆ ಕಬ್ಬಿಣದ ಪಿನ್ನನ್ನು ಇದ್ದಿಲ ಪುಡಿ, ಕೊಂಬಿನ ಚೂರು, ಚರ್ಮದ ತುಂಡುಗಳ ನಡುವೆ ಹುದುಗಿಸಿ, ಗಾಳಿಯಾಡದಂತೆ ಬಾಯಿ ಮೆತ್ತಿ, ಇಡೀ ದಿನ ಕೆಂಡದಲ್ಲಿಡಬೇಕು. ಇದ್ದಿಲಿನ ಸತ್ವ ಕಬ್ಬಿಣದ ಮೈಯೊಳಗೆ ನಿಧಾನವಾಗಿ ಇಳಿಯುತ್ತದೆ. ಹೊರಗೆ ಜಾಸ್ತಿ, ಒಳಗೆ ಹೋದಂತೆ ಕಡಿಮೆ. ಆಮೇಲೆ ನೀರಿಗೆ ಹಾಕಿದರೆ ಮೈ ಗಟ್ಟಿ, ಹೊಟ್ಟೆ ಮೆತ್ತಗೆ. ಎತ್ತಿನ ಕೊಂಬು ಹೆರೆದ ಚೂರು ಜಗಳೂರಿನಲ್ಲಿ ಯಾರ ಕೊಟ್ಟಿಗೆಯಲ್ಲಾದರೂ ಸಿಗುತ್ತದೆ. ಚರ್ಮಕ್ಕೆ ಹಳೆಯ ಚಪ್ಪಲಿ ಆಗಬೇಕು. ಆ ಜವಾಬ್ದಾರಿಯನ್ನು ಎದುರುಮನೆಯ ಟೈಲರ್ ದುರುಗಣ್ಣ ಕೇಳುವ ಮೊದಲೇ ಹೊತ್ತುಕೊಂಡ. ದುರುಗಣ್ಣನಿಗೆ ಹೊಲಿಯುವ ಬಟ್ಟೆಗಿಂತ ಊರವರ ಕೆಲಸದ ಮೇಲೆ ಆಸಕ್ತಿ ಹೆಚ್ಚು. ಅವನಲ್ಲಿ ಕೊಟ್ಟ ಜುಬ್ಬ ಮದುವೆಗೆ ಸಿಗದಿದ್ದರೂ ತೊಟ್ಟಿಲಿಗೆ ಖಂಡಿತ ಸಿಗುತ್ತಿತ್ತು.

ಸೋಮವಾರ ಇನ್ನೂ ಮಬ್ಬು ಇರುವಾಗಲೇ ಅವನು ಒಂದು ಚೀಲ ಹಳೇ ಚಪ್ಪಲಿ ತಂದು ಜಗಲಿಯ ಮೆಟ್ಟಿಲ ಬಳಿ ಒರಗಿಸಿದ. ಚೀಲ ಸರಿಯಾಗಿ ಕಟ್ಟಿರಲಿಲ್ಲ, ಒಂದಷ್ಟು ಚೆಲ್ಲಿಕೊಂಡವು. ಹಿತ್ತಿಲಲ್ಲಿ ಇಬ್ಬರೂ ಕೂತು ಚರ್ಮ ಕತ್ತರಿಸಿ, ಬೋರ್‌ವೆಲ್ಲಿನ ಪೈಪಿನ ತುಂಡೊಂದಕ್ಕೆ ತುಂಬತೊಡಗಿದರು. ಪೈಪು ಅರ್ಧ ತುಂಬಿತ್ತು, ನಡುವೆ ಪಿನ್ನು ಇಟ್ಟಾಗಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಟಕ್ ಟಕ್ ಸದ್ದು ಕೇಳಿಸಿತು.

ಜಗಳೂರಿನಲ್ಲಿ ಆ ಸದ್ದು ಗೊತ್ತಿಲ್ಲದವರಿಲ್ಲ. ನಾಗರಾಜಪ್ಪನವರು ತಮ್ಮ ಚಪ್ಪಲಿಯ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದ್ದರು. ಆ ಚಪ್ಪಲಿ ಅವರ ಮದುವೆಯಲ್ಲಿ ಮಾಡಿಸಿದ್ದು. ಅಟ್ಟೆ ಹಲವು ಸಲ ಬದಲಾಗಿತ್ತು, ಮೇಲಿನ ಪಟ್ಟಿಯೂ ಬದಲಾಗಿತ್ತು, ತೇಪೆಯ ಮೇಲೆ ತೇಪೆ ಬಿದ್ದಿತ್ತು. ಆದರೂ ಅವರು ಅದನ್ನು ಮದುವೆಯ ಚಪ್ಪಲಿ ಎಂದೇ ಕರೆಯುತ್ತಿದ್ದರು. ಅವರ ಮಿಷನ್ ಷೆಡ್ಡಿನ ಆಳುಗಳು ಆ ಸದ್ದು ಕೇಳಿದರೆ ಬೀಡಿ ಎಸೆದು ಚೀಲ ಎತ್ತಲು ಶುರು ಮಾಡುತ್ತಿದ್ದರು.

"ಒಂಬತ್ತರ ಮೇಲೆ ಬರ್ತೀವಿ ಅಂದಿದ್ರಲ್ಲವ್ವ" ಎಂದ ಮುರುಗೇಶಪ್ಪ, ಮಸಿಯ ಕೈ ಝಾಡಿಸುತ್ತಾ.

"ಬಂದಾರೆ. ಹೊರಗೆ ಹೋಗಿ ಅಂತ ಹೇಳ್ಲಾ? ಕೈ ತೊಳ್ಕಂಡು ಬಾ" ಎಂದರು ತಾಯಿ.

"ನೀನು ಹೋಗಪ್ಪ, ಉಳಿದಿದ್ದು ನಾನು ತುಂಬ್ತೀನಿ. ಇದೇನು ಕೋಟು ಹೊಲಿಯೋ ಕೆಲಸನಾ?" ಎಂದ ದುರುಗಣ್ಣ.

ಒಳಗೆ ನಾಗರಾಜಪ್ಪನವರೂ ಅವರ ಹೆಂಡತಿ ಕಸ್ತೂರಮ್ಮನೂ ಚಾಪೆಯ ಮೇಲೆ ಕೂತಿದ್ದರು. "ರಾಹುಕಾಲ ಎಲ್ಲ ನಾವು ನೋಡಲ್ಲ" ಎಂದರು ನಾಗರಾಜಪ್ಪನವರು. "ಆದ್ರೂ ಏಳೂವರೆಗೆ ಸುರುವಾಗ್ತದಲ್ಲ, ಅದಕ್ಕೆ ಮುಂಚೇನೇ ಬಂದ್ವಿ." ಉಪ್ಪಿಟ್ಟು ಬಂತು. ಮುರುಗೇಶಪ್ಪ ಪಿನ್ನಿನ ವಿಚಾರ ವಿವರಿಸಿದ. ಅವರು ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿ ಬದಿಗಿಡುತ್ತಾ, "ಮೆತ್ತಗೆ ಯಾಕೆ ಬಿಡಬೇಕು ಒಳಗೆ? ಪೂರ್ತಿ ಗಟ್ಟಿ ಮಾಡ್ರಿ" ಎಂದರು.

"ಪೂರ್ತಿ ಗಟ್ಟಿ ಆದ್ರೆ ಮುರೀತೈತ್ರೀ."

"ನಾನು ಪೂರ್ತಿ ಗಟ್ಟಿ ಇದೀನಿ. ಮುರಿದೀನಾ?"

ಕಸ್ತೂರಮ್ಮ ತಲೆ ತಗ್ಗಿಸಿ ಲೋಟದೊಳಗಿನ ಕಾಫಿಯನ್ನೇ ನೋಡುತ್ತಿದ್ದರು.

ಈ ಹೊತ್ತಿಗೆ ಹಿತ್ತಿಲಲ್ಲಿ ದುರುಗಣ್ಣನಿಗೆ ಚರ್ಮ ಸಾಲದೆ ಬಂದಿತ್ತು. ಅವನು ಸಂದಿಯಿಂದ ಮುಂಬಾಗಿಲಿಗೆ ಬಂದು, ಚೀಲದಿಂದ ಚೆಲ್ಲಿದ್ದ ರಾಶಿಯಲ್ಲಿ ಎಲ್ಲಕ್ಕಿಂತ ಹಳೆಯದಾಗಿ ಕಂಡ ಜೋಡಿಯನ್ನು ಎತ್ತಿಕೊಂಡು ಹೋದ. ಅಷ್ಟು ತೇಪೆಯ ಚಪ್ಪಲಿಯನ್ನು ಒಬ್ಬ ಸಾಹುಕಾರ ಮೆಟ್ಟಿಕೊಂಡು ಬೀಗರ ಮನೆಗೆ ಬಂದಾನು ಎಂದು ಯಾರೂ ಊಹಿಸಲಾರರು. ಹಿಮ್ಮಡಿ ಕೊಡಲಿಗೂ ಬಗ್ಗಲಿಲ್ಲವಾದ್ದರಿಂದ ಅದನ್ನು ಇಡಿಯಾಗಿಯೇ ತುರುಕಿ, ಪೈಪಿನ ಎರಡೂ ಬಾಯಿಗೆ ಹುತ್ತದ ಮಣ್ಣು ಮೆತ್ತಿ, ಕೆಂಡದಲ್ಲಿಟ್ಟು ತಿದಿ ಒತ್ತತೊಡಗಿದ.

ಬೀಗರು ಹೊರಡಲು ಎದ್ದಾಗ ಜಗಲಿಯಲ್ಲಿ ಕಸ್ತೂರಮ್ಮನ ಚಪ್ಪಲಿ ಮಾತ್ರ ಇತ್ತು. ಚೀಲ ಕೊಡವಿದರು, ಚರಂಡಿ ಇಣುಕಿದರು. ದುರುಗಣ್ಣ ಓಡಿ ಬಂದ, ಹುಡುಕುವ ಉತ್ಸಾಹದಲ್ಲಿ ಎಲ್ಲರಿಗಿಂತ ಮುಂದಿದ್ದ. "ಯಾವುವು ಸಾವ್ಕಾರ್ರೆ? ಲಾಳದ್ದು, ತೇಪೆದ್ದು..." ಎಂದು ಅರ್ಧಕ್ಕೇ ನಿಂತ. "ನಾಯಿ" ಎಂದ. "ಕೆಂದು ನಾಯಿ. ಈಗ ತಾನೇ ಏನೋ ಕಚ್ಕಂಡು ಹೋತು."

"ಎರಡನ್ನೂನಾ?"

"ದೊಡ್ಡ ನಾಯಿ ಸಾವ್ಕಾರ್ರೆ."

ಮುರುಗೇಶಪ್ಪ ತನ್ನ ಚಪ್ಪಲಿ ಕೊಡಹೋದ, ಅದು ಅವರ ಕಾಲಿಗೆ ದೊಡ್ಡದಾಯಿತು. ಮನೆಯಲ್ಲಿ ಅವರ ಪಾದಕ್ಕೆ ಆಗುವಂಥದ್ದು ಶಿವಗಂಗಮ್ಮನ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಒಂದೇ. ಅದನ್ನೇ ಮೆಟ್ಟಿಕೊಂಡು ನಾಗರಾಜಪ್ಪನವರು ಪಟ್ ಪಟ್ ಎಂದು ಪೇಟೆಬೀದಿಯಲ್ಲಿ ನಡೆದರು. ಎಂದಿನ ಸದ್ದಿಲ್ಲದೆ ಷೆಡ್ಡು ಹೊಕ್ಕವರಿಗೆ, ಶೇಂಗಾ ಚೀಲಗಳ ಮೇಲೆ ಸಾಲಾಗಿ ಮಲಗಿದ್ದ ಆಳುಗಳು ಕಾಣಿಸಿದರಂತೆ. ಅವರ ಸಿಟ್ಟು ಆಗಿನಿಂದಲೇ ಏರತೊಡಗಿತು.

ಇತ್ತ ದುರುಗಣ್ಣ ತಿದಿಯ ಪಕ್ಕದಲ್ಲಿ ಕುಸಿದು ಕೂತು ಸತ್ಯ ಹೇಳಿದ. ಮುರುಗೇಶಪ್ಪ ಇಕ್ಕಳ ಹಿಡಿದು ಪೈಪಿನತ್ತ ಬಗ್ಗಿದ. ಪೈಪು ಕೆಂಪಗೆ ಕಾದಿತ್ತು. ಈಗ ತೆರೆದರೆ ಚಪ್ಪಲಿ ಸಿಗುವುದಿಲ್ಲ, ಪಿನ್ನೂ ಕೆಡುತ್ತದೆ. ತೆರೆಯದಿದ್ದರೆ ಪಿನ್ನಾದರೂ ಉಳಿಯುತ್ತದೆ. ಹುಡುಗಿಯ ಅಪ್ಪನ ಮದುವೆಯ ಚಪ್ಪಲಿಯನ್ನು ಸುಟ್ಟು ಅವಳನ್ನೇ ಮದುವೆಯಾಗಲು ಹೊರಟವನು ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎನಿಸಿ ಅವನಿಗೆ ನಿಜವಾಗಿಯೂ ದುಃಖವಾಯಿತು.

"ಹೇಳಿಬಿಡಾಣೇನೋ?" ಎಂದ.

"ಪಿನ್ನು ಗೆದ್ದಮೇಲೆ ಹೇಳು. ಗೆದ್ದೋನ ತಪ್ಪು ಯಾರೂ ಹಿಡಿಯಲ್ಲ" ಎಂದ ದುರುಗಣ್ಣ. ತಿದಿ ಒತ್ತುವುದು ಮುಂದುವರಿಯಿತು.

ಬಿಸಿಲೇರುವ ಹೊತ್ತಿಗೆ ಮಣ್ಣಿನ ಬಿರುಕಿನಿಂದ ವಾಸನೆ ಹೊರಟಿತು. ಕಾರ್ತಿಕ ಸೋಮವಾರ, ಹೆಂಗಸರೆಲ್ಲ ಗುಡಿಗೆ ಹೋಗಿ ದೀಪ ಹಚ್ಚಿ ಬರುತ್ತಿದ್ದರು. ಪಕ್ಕದ ಮನೆಯ ಭೀಮಕ್ಕ ಸೆರಗು ಮೂಗಿಗೆ ಹಿಡಿದು ಮೊದಲು ತನ್ನ ಒಲೆ ನೋಡಿದಳು, ಆಮೇಲೆ ಕೊಟ್ಟಿಗೆ ನೋಡಿದಳು, ಕೊನೆಗೆ ಗೋಡೆಯ ಮೇಲಿಂದ ಇಣುಕಿದಳು. ಕೊಂಬಿನ ಚೂರು ಕಂಡಿತು, ಹುತ್ತದ ಮಣ್ಣು ಕಂಡಿತು, ಚಪ್ಪಲಿಯ ಉಂಗುಷ್ಠಗಳು ಕಂಡವು. ಸ್ವಲ್ಪ ಹೊತ್ತಿನಲ್ಲೇ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿದ್ದರು.

"ಹುತ್ತ ಅಗೆದಾರೆ, ಕೊಂಬು ಸುಡ್ತಾರೆ, ಊರೋರ ಮೆಟ್ಟು ಸುಡ್ತಾರೆ" ಎಂದಳು ಭೀಮಕ್ಕ. "ಬೀಗ್ರು ಬಂದುಹೋದ ದಿನಾನೇ. ಆ ಹುಡುಗೀನ ಒಲಿಸ್ಕೊಳ್ಳಾಕೆ ಮಾಟ ಮಾಡಿಸ್ತಿದಾನೆ ನಿನ್ನ ಮಗ."

"ಮಾಟ ಅಲ್ಲಕ್ಕ, ಇದು ಸೈನ್ಸು" ಎಂದ ಮುರುಗೇಶಪ್ಪ ಜೋರಾಗಿ. "ಹೊರಗಿಂದ ಒಳಕ್ಕೆ ಗಟ್ಟಿತನ ಇಳಿಸಾಕೆ..."

"ನೋಡ್ರಿ, ಮಂತ್ರನೂ ಹೇಳ್ತಿದಾನೆ."

ಅವನು ತಿದಿ ಬಿಟ್ಟು ಜಗಳಕ್ಕೇ ನಿಲ್ಲುವವನಿದ್ದ. ಅಷ್ಟರಲ್ಲಿ ಶಿವಗಂಗಮ್ಮ ಹೊರಗೆ ಬಂದು, "ತಪ್ಪಾತು ಭೀಮವ್ವ. ಇಂಥಾ ದಿನ ಮಾಡಬಾರ್ದಿತ್ತು. ನನ್ನ ಮುಖ ನೋಡಿ ಹೊಟ್ಟೇಗಾಕ್ಕೋ" ಎಂದು ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ಉಪ್ಪಿಟ್ಟು ಉಳಿದಿತ್ತು. ಓಣಿಯವರೆಲ್ಲ ತಿಂದು, ಮನೆಗೊಂದಿಷ್ಟು ಲೋಬಾನ ಹಾಕಲು ಹೇಳಿ ಹೋದರು. ಸಂಜೆ ಏನಾಯಿತೆಂದು ಮರೆಯದೆ ಹೇಳಬೇಕೆಂದು ಭೀಮಕ್ಕ ಮಾತು ತೆಗೆದುಕೊಂಡಳು.

"ನೀನ್ಯಾಕವ್ವ ಎಲ್ಲದಕ್ಕೂ ಸೋಲ್ತೀಯ? ನಮ್ಮ ತಪ್ಪೇನೈತೆ?" ಎಂದು ಮಗ ರೇಗಿದ.

"ನಿಮ್ಮಪ್ಪ ಸೋಲ್ತಿರಲಿಲ್ಲ, ನೀನೂ ಸೋಲಲ್ಲ" ಎಂದರು ಶಿವಗಂಗಮ್ಮ ತಟ್ಟೆ ಎತ್ತುತ್ತಾ. "ನಾನೂ ಸೋಲದಿದ್ರೆ ಈ ಓಣೀಲಿ ನಮ್ಮನೆ ಇರ್ತಿತ್ತೇನೋ?"

ಅವನಿಗೆ ಆ ಮಾತು ಕೇಳಿಸಿತು, ತಲೆಗೆ ಹೋಗಲಿಲ್ಲ. ತಲೆಯ ತುಂಬ ಪಿನ್ನಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಗರಾಜಪ್ಪನವರೇ ಬಂದರು. ಅಂದು ಕೂಡ ಪಿನ್ನು ಮುರಿದು ಮಿಷನ್ನು ನಿಂತಿತ್ತು, ಅವರಿಗೆ ಊಟವಾಗಿರಲಿಲ್ಲ. ಹವಾಯಿ ಚಪ್ಪಲಿಯಲ್ಲಿ ಟಕ್ ಟಕ್ ಸದ್ದಿಲ್ಲದೆ ಬಂದು ಹಿತ್ತಿಲಲ್ಲಿ ನಿಂತವರನ್ನು ಕಂಡು ದುರುಗಣ್ಣ ಇಕ್ಕಳ ಕೈಬಿಟ್ಟ.

"ತೆಗೀರಿ, ನೋಡಾಣ" ಎಂದರು.

ಮುರುಗೇಶಪ್ಪ ಅವರನ್ನು ಹೊರಗೆ ಕಳಿಸಲು ನೆಪ ಹುಡುಕಿದ, ಸಿಗಲಿಲ್ಲ. ಪಿನ್ನು ಕೆಂಪಗಿರುವಾಗಲೇ ನೀರಿಗೆ ಬೀಳಬೇಕು, ಕಾಯುವ ಹಾಗಿರಲಿಲ್ಲ. ಪೈಪನ್ನು ಇಕ್ಕಳದಲ್ಲಿ ಎತ್ತಿ, ಮಣ್ಣು ಒಡೆದು, ನೀರಿನ ತೊಟ್ಟಿಯ ಮೇಲೆ ಬಗ್ಗಿಸಿದ. ಮೊದಲು ಕೆಂಪು ಪಿನ್ನು ಚೊಂಯ್ ಎಂದು ಬಿತ್ತು. ಅದರ ಹಿಂದೆ ಚೊಂಯ್, ಚೊಂಯ್ ಎಂದು ಇನ್ನೆರಡು ಬಿದ್ದವು.

ನಾಗರಾಜಪ್ಪನವರು ತೊಟ್ಟಿಗೆ ಕೈ ಹಾಕಿ ಎರಡು ಲಾಳಗಳನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ತಿರುವಿ ನೋಡಿದರು. "ಇವು ನನ್ನವು" ಎಂದರು.

"ಹೌದ್ರೀ" ಎಂದ ಮುರುಗೇಶಪ್ಪ. "ನಾಯಿ ಅಲ್ರೀ. ನಾವೇ."

ಬೇಕೆಂದು ಮಾಡಿದ್ದಲ್ಲ ಎಂದು ಅವನು ಹೇಳಲಿಲ್ಲ. ದುರುಗಣ್ಣನ ಹೆಸರನ್ನೂ ಎತ್ತಲಿಲ್ಲ. ನಾಗರಾಜಪ್ಪನವರು ಅಲ್ಲೇ ಬಿದ್ದಿದ್ದ ಅರ ತೆಗೆದು ಲಾಳದ ಮೇಲೆ ಉಜ್ಜಿದರು. ಅರ ಜಾರಿತು. ಮತ್ತೆ ಉಜ್ಜಿದರು, ಗೀರೂ ಬೀಳಲಿಲ್ಲ. ಅವರು ಲಾಳಗಳನ್ನು ಜೇಬಿಗೆ ಹಾಕಿಕೊಂಡು, "ಮೊದ್ಲು ಪಿನ್ನು. ಮೆಟ್ಟಿನ ಮಾತು ಆಮೇಲೆ" ಎಂದರು.

ಷೆಡ್ಡಿನಲ್ಲಿ ಜನ ಸೇರಿದ್ದರು. ಭೀಮಕ್ಕನೂ ಏನೋ ನೆಪ ಮಾಡಿಕೊಂಡು ಬಂದಿದ್ದಳು. ಮನೆಯ ಬಾಗಿಲಲ್ಲಿ ಶಾಂತಾದೇವಿ ತಾಯಿಯ ಹಿಂದೆ ನಿಂತಿದ್ದಳು, ಅವಳ ಹಿಂದಿನಿಂದ ಹೋಳಿಗೆಯ ಘಮ ಬರುತ್ತಿತ್ತು. ಮುರುಗೇಶಪ್ಪ ಪಿನ್ನನ್ನು ಉಜ್ಜಿ ಹದ ಮಾಡಿ ಹೊಡೆದು ಕೂರಿಸಿದ. ಎಂಜಿನ್ನು ಶುರುವಾಯಿತು. ಒಂದು ಚೀಲ ಸುಲಿಯಿತು, ಎರಡು ಚೀಲ ಸುಲಿಯಿತು. ಯಾವ ಚೀಲಕ್ಕೆ ಪಿನ್ನು ಹೋಗುತ್ತಿತ್ತೋ ಆ ಲೆಕ್ಕವೂ ದಾಟಿತು. ನಾಗರಾಜಪ್ಪನವರ ಮುಖದಲ್ಲಿ ಒಂದು ಹೊಸ ಥರದ ಗೆರೆ ಮೂಡಿತು. ಅದು ನಗೆ ಎಂದು ಕಸ್ತೂರಮ್ಮ ಗುರುತಿಸಿದರು. ಶಾಂತಾದೇವಿ ಮುರುಗೇಶಪ್ಪನ ಕಡೆ ನೋಡಿದಳು, ಅವನು ಆ ಗದ್ದಲದಲ್ಲೂ ಅವಳ ಬಳೆಯ ಸದ್ದು ಕೇಳಿಸಿತೆಂದುಕೊಂಡ.

ಆಗ ಶೇಂಗಾದ ಜತೆ ಹೊಲದ ಒಂದು ಬೆಣಚುಕಲ್ಲು ಮಿಷನ್ನಿನೊಳಗೆ ಹೋಯಿತು. ಹಾಗೆ ಹೋಗುವುದು ಹೊಸದೇನಲ್ಲ, ದಿನವೂ ಹೋಗುತ್ತಿತ್ತು. ದಿನವೂ ಟಿಣ್ ಎನ್ನುತ್ತಿತ್ತು, ಉರುಳೆ ನಿಲ್ಲುತ್ತಿತ್ತು, ಕಲ್ಲು ತೆಗೆಯುತ್ತಿದ್ದರು. ಇಂದು ಟಿಣ್ ಎನ್ನಲಿಲ್ಲ. ಒಂದು ಕ್ಷಣ ಎಂಜಿನ್ನು ತಿಣುಕಿತು. ಆಮೇಲೆ ಸಿಡಿಲಿನಂಥ ಸದ್ದಾಯಿತು. ದೊಡ್ಡ ಚಕ್ರ ಎರಡು ಹೋಳಾಗಿ, ಒಂದು ಹೋಳು ಶೇಂಗಾ ರಾಶಿಯಲ್ಲಿ ಹೂತುಕೊಂಡಿತು. ಅಚ್ಚು ಬಾಗಿ ಬಿಲ್ಲಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಎಲ್ಲರೂ ಬಾಯಿ ತೆರೆದು ನಿಂತರು.

ಧೂಳು ಇಳಿದಮೇಲೆ ಮುರುಗೇಶಪ್ಪ ಹತ್ತಿರ ಹೋದ. ಪಿನ್ನು ಇದ್ದಲ್ಲೇ ಇತ್ತು. ಅದರ ಮೈಯಲ್ಲಿ ಒಂದು ಗೀರಿರಲಿಲ್ಲ. ಅವನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಇಷ್ಟು ದಿನ ಅದು ಕೈಲಾಗದೆ ಮುರಿಯುತ್ತಿದೆ ಎಂದುಕೊಂಡಿದ್ದ. ಅದು ಮುರಿದು ಮುರಿದು ಉಳಿದ ಎಲ್ಲವನ್ನೂ ಕಾಯುತ್ತಿತ್ತು. ಬೆಳಿಗ್ಗೆ ತಾಯಿ ಹೇಳಿದ ಮಾತು ಈಗ ತಲೆಗೆ ಹೋಯಿತು. ಅವ್ವನ ಮೇಲೆ ರೇಗಿದ್ದಕ್ಕೆ ಅವನಿಗೆ ಅಲ್ಲೇ ನಾಚಿಕೆಯಾಯಿತು.

ನಾಗರಾಜಪ್ಪನವರು ಬಂದು ಪಿನ್ನನ್ನು ತಟ್ಟಿ ಈಚೆ ತೆಗೆದು ಬೆಳಕಿಗೆ ಹಿಡಿದರು. "ಮುರಿದಿಲ್ಲ" ಎಂದರು.

"ಇಲ್ರೀ."

"ನಾನು ಕೇಳಿದ್ದು ಇದನ್ನೇ."

"ಹೌದ್ರೀ."

ಅವರು ಮುರಿದ ಚಕ್ರ ನೋಡಿದರು, ಹುಡುಗನನ್ನು ನೋಡಿದರು, ಮಗಳು ಕಣ್ಣೊರೆಸಿಕೊಳ್ಳುತ್ತಿದ್ದುದನ್ನೂ ನೋಡಿದರು. ಎಲ್ಲರೂ ಬೈಗುಳಕ್ಕೆ ಕಾಯುತ್ತಿದ್ದರು. "ಮಾತು ಅಂದ್ರೆ ಮಾತು" ಎಂದರು ನಾಗರಾಜಪ್ಪನವರು. "ಹುಡುಗಿ ಕೊಡ್ತೀನಿ. ಆದ್ರೆ ಈ ಮಿಷನ್ನು ಮೊದಲಿನಂಗೆ ಆಗಾತನಕ ನೀನು ಈ ಷೆಡ್ಡು ಬಿಟ್ಟು ಹೋಗಂಗಿಲ್ಲ. ಆಮೇಲೂ ಇಲ್ಲೇ ಇದ್ದು ನೋಡ್ಕಳಪ್ಪ. ನಿಮ್ಮವ್ವನ್ನೂ ಕರ್ಕಂಡು ಬಾ."

ಆ ರಾತ್ರಿ ಯಾರೂ ಹೋಳಿಗೆ ತಿನ್ನಲಿಲ್ಲ. ಮಿಷನ್ನು ನಿಂತಿತ್ತಲ್ಲ.

ಹೊಸ ಚಕ್ರ ಬಂದು, ಅಚ್ಚು ನೆಟ್ಟಗಾಗಿ, ಮದುವೆಯೂ ಆಯಿತು. ಮುರುಗೇಶಪ್ಪ ಈಗ ಬೇಕೆಂದೇ ಮೆತ್ತನೆಯ ಪಿನ್ನು ಮಾಡಿದ್ದ. ಅದನ್ನು ಕೂರಿಸುವ ಮುಂಚೆ ಮಾವನವರನ್ನು ಕೂರಿಸಿಕೊಂಡು, "ಇದು ಮುರೀಬೇಕ್ರೀ ಮಾವ. ಕಲ್ಲು ಬಂದಾಗ ತಾನು ಮುರಿದು ಮಿಷನ್ ಉಳಿಸೋದೇ ಇದರ ಕೆಲಸ" ಎಂದು ಬಿಡಿಸಿ ಹೇಳಿದ. ಅವರು ಎಲ್ಲ ಕೇಳಿ, ಅರ್ಥವಾಯಿತೆಂದು ತಲೆಯಾಡಿಸಿದರು.

ಅಳಿಯನಾಗಿ ಅವನು ಆ ಮನೆಯಲ್ಲಿ ಉಣ್ಣಲು ಕೂತ ಮೊದಲ ಮಧ್ಯಾಹ್ನ ಮತ್ತೆ ಹೋಳಿಗೆ. ಮಾವ ಎದುರಿಗೆ, ಪಕ್ಕದಲ್ಲಿ ಶಿವಗಂಗಮ್ಮ. ಶಾಂತಾದೇವಿ ತುಪ್ಪ ಬಡಿಸುತ್ತಿದ್ದಳು. ಮೊದಲ ತುತ್ತು ಮುರಿದ, ಷೆಡ್ಡಿನ ಕಡೆಯಿಂದ ಟಿಣ್ ಎಂದಿತು.

ಮುರುಗೇಶಪ್ಪನಿಗೆ ಸಂತೋಷವೇ ಆಯಿತು. "ಮಿಷನ್ ಉಳೀತು ಮಾವ" ಎಂದ.

ನಾಗರಾಜಪ್ಪನವರು ತಟ್ಟೆ ಸರಿಸಿ ಎದ್ದರು.

"ಮುರಿಯೋದೇ ಅದರ ಕೆಲಸ ಅಂತ ಹೇಳಿದ್ನಲ್ರೀ."

"ಮುರಿಯೋದು ಅದರ ಕೆಲಸ" ಎಂದರು ಅವರು. "ಸಿಟ್ಟು ಮಾಡ್ಕಳೋದು ನಂದು."

ಕಸ್ತೂರಮ್ಮ ಹೋಳಿಗೆಯ ಬುಟ್ಟಿ ಮುಚ್ಚಿದರು. ಶಿವಗಂಗಮ್ಮ ಎದ್ದು ಕೈ ತೊಳೆದರು. ಶಾಂತಾದೇವಿ ಗಂಡನ ಮುಖ ನೋಡಿ, ಬಂದ ನಗುವನ್ನು ತಡೆದುಕೊಂಡು, ಅವನ ಮುಂದಿನ ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡಳು. ಮುರುಗೇಶಪ್ಪ ಜೇಬಿನಿಂದ ಇನ್ನೊಂದು ಪಿನ್ನು ತೆಗೆದು ಹಸಿದ ಹೊಟ್ಟೆಯಲ್ಲೇ ಷೆಡ್ಡಿನ ಕಡೆ ನಡೆದ. ಬೆನ್ನ ಹಿಂದೆಯೇ ಮಾವನವರ ಹೊಸ ಚಪ್ಪಲಿಯ ಟಕ್ ಟಕ್ ಸದ್ದು ಬರುತ್ತಿತ್ತು. ಅದಕ್ಕೆ ಹೊಡೆಸಿದ್ದು ಹಳೆಯ ಲಾಳವನ್ನೇ; ಅವನು ತನ್ನ ಕೈಯಾರೆ ಗಟ್ಟಿ ಮಾಡಿದ ಆ ಲಾಳ ಇವತ್ತಿಗೂ ಸವೆದಿಲ್ಲ.